ಮೈಕಿಲ್ಲದ ಮನೆಯಲ್ಲಿ ಒಂದು ಸಂಜೆ

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮಲ್ಲಷ್ಟೇ ಉಂಟು ಎಂದುಕೊಂಡಿದ್ದೆ. ವಿಯೆನ್ನಾ ನಗರದ ಸರ್ಕಾರಿ ಒಪೆರಾ ಮನೆಯಲ್ಲೂ ಹೆಚ್ಚುಕಡಿಮೆ ಅದೇ ರೂಢಿ ಕಂಡೆ. ಟವೆಲ್ ಬದಲು ಅಲ್ಲಿ ಕುತ್ತಿಗೆಗೆ ಸುತ್ತುವ ಉಣ್ಣೆಯ ಮಫ್ಲರು. ನಿಂತು ನೋಡುವವರ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಡ್ಡಗಂಬಿಗಳಿವೆ. ಮೊದಲು ಒಳಗೆ ಹೋದವರು ಗಂಬಿಗೆ ಮಫ್ಲರಿನ ಒಂದು ಗಂಟು ಹಾಕಿದರೆ ಮುಗಿಯಿತು, ಅಷ್ಟಗಲ ಜಾಗ ಅವರದು. ಆಮೇಲೆ ಅವರು ಕಾಫಿಗೆ ಹೋಗಲಿ, ಕೋಟು ಒಪ್ಪಿಸಲು ಹೋಗಲಿ, ಆ ಗಂಟನ್ನು ಯಾರೂ ಮುಟ್ಟುವುದಿಲ್ಲ. ಕೋವಿಡ್‌ಗೆ ಮುಂಚಿನ ಒಂದು ನವೆಂಬರ್ ಸಂಜೆ ನಾನು ಅಲ್ಲಿಗೆ ಹೋದಾಗ ನನ್ನ ಹತ್ತಿರ ಮಫ್ಲರಿರಲಿಲ್ಲ. ಕೈಚೀಲದಲ್ಲಿದ್ದ ಕೆಂಪಂಚಿನ ಹತ್ತಿ ಟವೆಲನ್ನೇ ಕಟ್ಟಿದೆ. ಪಕ್ಕದಲ್ಲಿದ್ದ ಅಜ್ಜಿ ಅದರ ಅಂಚನ್ನು ಮುಟ್ಟಿ ನೋಡಿ, ಗಂಟು ಸಡಿಲವಾಗಿದೆಯೆಂದು ತಾವೇ ಬಿಗಿ ಮಾಡಿದರು.

ಆ ಗಂಬಿಯ ಹಿಂದೆ ನಿಲ್ಲುವುದಕ್ಕೆ ಆಗ ನಾಲ್ಕು ಯೂರೋ. ಅದೇ ಊರಿನಲ್ಲಿ ಒಂದು ಲೋಟ ಕಾಫಿಗೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ನಮ್ಮ ಮುಂದೆ ಮೆತ್ತನೆಯ ಕುರ್ಚಿಗಳಲ್ಲಿ ಕೂತವರಲ್ಲಿ ಇನ್ನೂರು ಯೂರೋ ಕೊಟ್ಟವರಿದ್ದರು. ಮನೆಯಲ್ಲಿ 1,709 ಆಸನಗಳು, ಅವುಗಳ ಜೊತೆಗೆ ನಿಲ್ಲುವವರಿಗೆಂದು ಆಗ ಐನೂರಕ್ಕೂ ಹೆಚ್ಚು ಜಾಗಗಳು. ಆ ಜಾಗ ಎಲ್ಲಿದೆ ಎಂಬುದನ್ನು ಕೇಳಿದರೆ ಇನ್ನೂ ಆಶ್ಚರ್ಯವಾಗುತ್ತದೆ. ನೆಲ ಅಂತಸ್ತಿನ ನಿಲ್ಲುವ ಜಾಗ ಇರುವುದು ರಂಗಕ್ಕೆ ನೇರ ಎದುರು, ಹಿಂದೆ ಚಕ್ರವರ್ತಿ ಕೂರುತ್ತಿದ್ದ ನಡುಬಾಕ್ಸಿನ ಸರಿಯಾಗಿ ಕೆಳಗೆ. ಬಡ ವಿದ್ಯಾರ್ಥಿ ಕಾಣುವ ರಂಗವೂ ಅಂದು ಚಕ್ರವರ್ತಿ ಫ್ರಾಂಝ್ ಜೋಸೆಫ್ ಕಂಡ ರಂಗವೂ ಒಂದೇ ನೇರದಲ್ಲಿವೆ, ಹತ್ತಡಿ ಎತ್ತರದ ವ್ಯತ್ಯಾಸವಿದ್ದೀತು. ಇನ್ನು ಕಿವಿಗೆ ಬೇಕಾದವರು ತುತ್ತತುದಿಯ ಗ್ಯಾಲರಿಗೆ ಹತ್ತುತ್ತಾರೆ. ದನಿ ಅಲ್ಲಿಗೆ ತಿಳಿಯಾಗಿ ಬಂದು ಸೇರುತ್ತದೆ ಎಂದು ಈ ಊರಿನ ಹಳೆಯ ರಸಿಕರ ನಂಬಿಕೆ. ನಾನು ಮೊದಲ ಸಲದವನಾದ್ದರಿಂದ ಕಣ್ಣನ್ನೂ ಕಿವಿಯನ್ನೂ ಸಮಾಧಾನಪಡಿಸುವ ಆಸೆಯಿಂದ ಕೆಳಗೇ ನಿಂತೆ.

ನಾನು ಅಷ್ಟು ದೂರ ಹೋದದ್ದು ಒಂದೇ ಒಂದು ಕಾರಣಕ್ಕೆ. ಅಲ್ಲಿ ಮೈಕಿಲ್ಲ. ಎರಡು ಸಾವಿರಕ್ಕೂ ಮಿಕ್ಕಿ ಜನ, ಎಪ್ಪತ್ತು ಎಂಬತ್ತು ವಾದ್ಯ, ಅದರ ಮೇಲೆ ಒಂದು ಬರಿಯ ಗಂಟಲು. ನಮ್ಮಜ್ಜ ತುಮಕೂರು ಸೀಮೆಯವರು. ಗುಬ್ಬಿ ಕಂಪನಿಯ ನಾಟಕಗಳನ್ನು ಟೆಂಟಿನ ನೆಲದಲ್ಲಿ ಕೂತು ನೋಡಿದವರು. ಮೈಕು ಬರುವುದಕ್ಕೆ ಮೊದಲು ನಟ ಹಾಡಿದರೆ ಕಡೆಯ ಸಾಲಿನ ಚಾಪೆಯವನಿಗೂ ಸಾಹಿತ್ಯ ಅಕ್ಷರ ಅಕ್ಷರ ಕೇಳುತ್ತಿತ್ತು, ಕಾಲುಪೆಟ್ಟಿಗೆಯ ಮೇಲೆ ತೇಲಿಕೊಂಡು ಬರುತ್ತಿತ್ತು ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ನಾನು ಹುಟ್ಟಿದ ಹೊತ್ತಿಗೆ ಕಂಪನಿ ನಾಟಕದ ರಂಗದ ಮೇಲೆ ಮೂರು ಮೈಕು ತೂಗುತ್ತಿದ್ದವು. ಯಕ್ಷಗಾನದ ಭಾಗವತರ ಮುಂದೆ, ಸಂಗೀತ ಕಛೇರಿಯಲ್ಲಿ, ಕೊನೆಗೆ ಮದುವೆಮನೆಯ ಹಸೆಯ ಹಾಡಿಗೂ ಮೈಕು ಬಂದಿತ್ತು. ಬಲ್ಲವರ ಕಂಠ ತಾನಾಗಿಯೇ ಒಂದು ದೊಡ್ಡ ಮನೆಯನ್ನು ತುಂಬುವುದನ್ನು ನಾನು ಕೇಳಿಯೇ ಇರಲಿಲ್ಲ. ಅಜ್ಜ ಹೇಳಿದ್ದು ನಿಜವೇ, ನೆನಪಿನ ಹಿಗ್ಗೇ ಎಂದು ತಿಳಿಯುವ ಹಂಬಲ ಹಳೆಯದು.

ಟಿಕೆಟಿನ ಸರತಿಗೆ ಸಂಜೆ ನಾಲ್ಕಕ್ಕೇ ನಿಂತಿದ್ದೆ. ಆಗ ಆಟದ ಆರಂಭಕ್ಕೆ ಎಂಬತ್ತು ನಿಮಿಷ ಇರುವಾಗ ಕಿಂಡಿ ತೆರೆಯುತ್ತಿತ್ತು, ಒಬ್ಬರಿಗೆ ಒಂದೇ ಟಿಕೆಟು. ಹೊತ್ತು ಕಳೆಯಲು ಆ ಕಟ್ಟಡದ ಕಥೆ ಸಾಕು. ಹಳೆಯ ಕೋಟೆಗೋಡೆ ಕೆಡವಿ ವಿಯೆನ್ನಾ ತನ್ನ ಸುತ್ತ ರಿಂಗ್‌ಸ್ಟ್ರಾಸೆ ಎಂಬ ಅಗಲ ಬೀದಿ ಹಾಕಿಕೊಂಡಾಗ ಅದರ ಮೇಲೆ ಎದ್ದ ಮೊದಲ ದೊಡ್ಡ ಕಟ್ಟಡಗಳಲ್ಲಿ ಇದೂ ಒಂದು. 1861ರಲ್ಲಿ ಕೆಲಸ ಶುರುವಾಯಿತು. ಕಟ್ಟಿದವರು ಇಬ್ಬರು ಗೆಳೆಯರು, ಆಗಸ್ಟ್ ಸಿಕಾರ್ಡ್ಸ್‌ಬುರ್ಗ್ ಮತ್ತು ಎಡ್ವರ್ಡ್ ವಾನ್ ಡೆರ್ ನ್ಯುಲ್. ಕಟ್ಟಡ ಏಳುತ್ತಿರುವಾಗಲೇ ಅದರ ಮುಂದಿನ ಬೀದಿಯ ಮಟ್ಟವನ್ನು ಸುಮಾರು ಒಂದು ಮೀಟರ್ ಏರಿಸಿದರು. ಮೊದಲಿನ ಲೆಕ್ಕದಲ್ಲಿ ತಲೆಯೆತ್ತಿ ನಿಲ್ಲಬೇಕಾಗಿದ್ದ ಕಟ್ಟಡ ಕುಳ್ಳಾಗಿ ಕಂಡಿತು. ಊರಿನವರು ಅದನ್ನು ಮುಳುಗಿದ ಪೆಟ್ಟಿಗೆ ಎಂದು ಕರೆದರು, ಪತ್ರಿಕೆಗಳು ಹೀಯಾಳಿಸಿದವು. ವಾನ್ ಡೆರ್ ನ್ಯುಲ್ 1868ರಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಹತ್ತು ವಾರ ಕಳೆಯುವಷ್ಟರಲ್ಲಿ ಸಿಕಾರ್ಡ್ಸ್‌ಬುರ್ಗ್ ಕೂಡ ಕಾಯಿಲೆಯಿಂದ ತೀರಿಕೊಂಡರು. 1869ರ ಮೇ 25ರಂದು ಮೊಜಾರ್ಟನ 'ಡಾನ್ ಜೊವಾನ್ನಿ'ಯಿಂದ ಮನೆ ತೆರೆದಾಗ ಅದನ್ನು ಕಟ್ಟಿದ ಇಬ್ಬರೂ ಇರಲಿಲ್ಲ. ಚಕ್ರವರ್ತಿಯೂ ಆ ಕಟ್ಟಡವನ್ನು ಹಳಿದಿದ್ದನಂತೆ. ವಾನ್ ಡೆರ್ ನ್ಯುಲ್ ಸಾವಿನ ಸುದ್ದಿ ತಿಳಿದ ಮೇಲೆ ಆತ ಬದುಕಿರುವವರೆಗೂ ಯಾವ ಕಲೆಯನ್ನು ತೋರಿಸಿದರೂ, ಬಹಳ ಚೆನ್ನಾಗಿದೆ, ಸಂತೋಷವಾಯಿತು ಎಂದಷ್ಟೇ ಹೇಳಿ ಮುಗಿಸುತ್ತಿದ್ದ ಎಂದು ವಿಯೆನ್ನಾದಲ್ಲಿ ಹೇಳುತ್ತಾರೆ. ಆ ಬೀದಿಯಂಚಿನಲ್ಲಿ ನಿಂತು ನಾನು ಬಹಳ ಹೊತ್ತು ನೋಡಿದೆ. ಐದು ಕಮಾನುಗಳ ಮೊಗಸಾಲೆಯಲ್ಲಿ ದೀಪ ಹತ್ತಿದ್ದವು. ಎಲ್ಲಿಯೂ ಕುಳ್ಳು ಕಾಣಲಿಲ್ಲ.

ಕಿಂಡಿ ತೆರೆಯಿತು, ಓಡಲಿಲ್ಲ ಯಾರೂ. ಸಮವಸ್ತ್ರದ ಸಿಬ್ಬಂದಿ ನಮ್ಮನ್ನು ಬ್ಯಾಚು ಬ್ಯಾಚಾಗಿ ಒಳಗೆ ಬಿಟ್ಟರು. ಮಫ್ಲರು ಗಂಟಾದವು, ನನ್ನ ಟವೆಲೂ ಗಂಟಾಯಿತು. ಕೋಟು, ಬ್ಯಾಗು ಕೊಠಡಿಗೆ ಒಪ್ಪಿಸಿ ಬಂದೆ. ದಪ್ಪ ಕೋಟು ಹೊದ್ದು ಒಳಗೆ ನಿಲ್ಲಗೊಡುವುದಿಲ್ಲ.

ಒಳಗೆ ನಿಂತಾಗ ಮೊದಲು ಎದುರಾಗುವುದು ರಂಗದ ಬಾಯಿ ಮುಚ್ಚಿದ ಕಬ್ಬಿಣದ ಪರದೆ. ಅದರ ಮೇಲೆ ರುಡೋಲ್ಫ್ ಐಸೆನ್‌ಮೆಂಗರ್ ಬಿಡಿಸಿದ, ಗ್ರೀಕ್ ಪುರಾಣದ ಆರ್ಫಿಯಸ್ ಚಿತ್ರವಿದೆ. 1998ರಿಂದ ಪ್ರತಿ ವರ್ಷ ಈ ಕಾಲದ ಕಲಾವಿದರೊಬ್ಬರ ದೊಡ್ಡ ಚಿತ್ರವನ್ನು ಅದರ ಮುಂದೆ ತೂಗುಹಾಕುವ ಪದ್ಧತಿ ಬಂದಿದೆ. ಈ ಪರದೆ ಅಲಂಕಾರಕ್ಕೆ ಬಂದದ್ದಲ್ಲ. 1881ರ ಡಿಸೆಂಬರ್ 8ರಂದು ಇದೇ ಬೀದಿಯ ಇನ್ನೊಂದು ತುದಿಯಲ್ಲಿದ್ದ ರಿಂಗ್ ಥಿಯೇಟರಿನಲ್ಲಿ ಗ್ಯಾಸ್ ದೀಪದಿಂದ ಹೊತ್ತಿದ ಬೆಂಕಿಗೆ ಪ್ರೇಕ್ಷಕರು ನೂರಾರು ಸಂಖ್ಯೆಯಲ್ಲಿ ಸತ್ತರು. ಬಾಗಿಲು ಒಳಮುಖವಾಗಿ ತೆರೆಯುವಂತಿದ್ದವು, ದೀಪಗಳು ಆರಿ ದಾರಿ ಕಾಣಲಿಲ್ಲ. ಆ ಮೇಲೆ ಬಂದ ಕಾನೂನುಗಳಲ್ಲಿ ಕಬ್ಬಿಣದ ಪರದೆಯದೂ ಒಂದು, ಹೊರಮುಖ ತೆರೆಯುವ ಬಾಗಿಲಿನದೂ ಒಂದು. ಊರೂರಿನ ಚಿತ್ರಮಂದಿರಗಳಲ್ಲಿ ನಾವು ತಲೆಯೆತ್ತಿಯೂ ನೋಡದ ಆ ಕೆಂಪು ಹಸಿರು ನಿರ್ಗಮನ ದೀಪದ ಹಿಂದೆ ಇಂಥ ಸಂಜೆಗಳಿವೆ.

ಪರದೆ ಸರಿದು ದೀಪ ಆರಿತು. ಸಭಾಂಗಣದ ದೀಪ ಆರುವುದು ಈಗ ಎಲ್ಲರಿಗೂ ಸಹಜ. ಈ ಮನೆಗೆ ಆ ಕತ್ತಲನ್ನು ಪಟ್ಟು ಹಿಡಿದು ತಂದವನು ಸಂಗೀತಕಾರ ಗುಸ್ತಾವ್ ಮಾಹ್ಲರ್. 1897ರಿಂದ ಹತ್ತು ವರ್ಷ ಆತ ಇಲ್ಲಿ ನಿರ್ದೇಶಕ. ಯಹೂದಿಯಾಗಿ ಹುಟ್ಟಿದವನಿಗೆ ಆ ಹುದ್ದೆ ಕೊಡಲಾರರು ಎಂದು ಗೊತ್ತಿದ್ದು ಅದೇ ವರ್ಷ ಮತಾಂತರವಾದ. ಅದಕ್ಕೆ ಮುಂಚೆ ಶ್ರೀಮಂತರಿಗೆ ಒಪೆರಾ ಎಂದರೆ ಅರ್ಧ ಸಂತೆ. ಬಾಕ್ಸುಗಳಲ್ಲಿ ಹರಟೆ, ಒಬ್ಬರನ್ನೊಬ್ಬರು ನೋಡುವುದು, ಬೇಕಾದಾಗ ಬರುವುದು. ಮಾಹ್ಲರ್ ತಡವಾಗಿ ಬಂದವರನ್ನು ಬಾಗಿಲ ಹೊರಗೇ ನಿಲ್ಲಿಸಿದ. ಗಾಯಕರಿಂದ ದುಡ್ಡು ಪಡೆದು ಚಪ್ಪಾಳೆ ಹೊಡೆಯುವ ಗುಂಪುಗಳನ್ನು ಹೊರಗಟ್ಟಲು ಹೆಣಗಿದ. ಕತ್ತರಿಸಿ ಆಡುತ್ತಿದ್ದ ವಾಗ್ನರನ ಒಪೆರಾಗಳನ್ನು ಇಡಿಯಾಗಿ ಆಡಿಸಿದ. ಜನ ಬೈದರು, ಜೊತೆಗೇ ಬಂದು ಮೌನವಾಗಿ ಕೇಳುವುದನ್ನೂ ಕಲಿತರು. ಆ ಮೌನ ಇವತ್ತಿಗೂ ಆ ಮನೆಯ ಆಸ್ತಿ. ದೀಪ ಆರಿದ ಗಳಿಗೆಯಲ್ಲಿ ಎರಡು ಸಾವಿರ ಜನ ಒಟ್ಟಿಗೆ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಮೈಕಿಲ್ಲದ ಕಡೆ ಕೇಳುವವನ ಪಾಲಿನ ಕೆಲಸ ಅದು. ಅವನು ಸುಮ್ಮನಿದ್ದರೆ ಮಾತ್ರ ಹಾಡುವವರ ಸಣ್ಣ ದನಿಗೆ ಜಾಗ.

ಅಂದು ಇದ್ದದ್ದು ಪುಚ್ಚೀನಿಯ 'ತೋಸ್ಕಾ'. ಪೀಠಿಕೆಯಿಲ್ಲ, ನಾಂದಿಯಿಲ್ಲ. ಇಡೀ ವಾದ್ಯವೃಂದ ಸಿಡಿಲಿನಂತೆ ಹೊಡೆಯುವ ಮೂರು ಸ್ವರಮೇಳಗಳು, ಪರದೆ ಮೇಲಕ್ಕೆ. ಕಥೆ 1800ರ ಜೂನ್ ತಿಂಗಳ ರೋಮ್ ನಗರದ್ದು. ಇಟಲಿಯ ಉತ್ತರದಲ್ಲಿ ನೆಪೋಲಿಯನ್ ಯುದ್ಧ ಮಾಡುತ್ತಿದ್ದಾನೆ. ಫ್ಲೋರಿಯಾ ತೋಸ್ಕಾ ಹೆಸರಾಂತ ಗಾಯಕಿ, ಅವಳ ನಲ್ಲ ಕವರದೋಸ್ಸಿ ಚಿತ್ರಕಾರ. ಜೈಲಿನಿಂದ ತಪ್ಪಿಸಿಕೊಂಡ ಗೆಳೆಯನಿಗೆ ಅವನು ಆಸರೆ ಕೊಡುತ್ತಾನೆ. ಅವರ ಬೆನ್ನು ಹತ್ತುವವನು ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ. ಮೂರು ಅಂಕಕ್ಕೆ ರೋಮಿನಲ್ಲಿ ಇಂದಿಗೂ ಇರುವ ಮೂರು ಜಾಗಗಳು: ಒಂದು ಚರ್ಚು, ಒಂದು ಅರಮನೆ, ಒಂದು ಕೋಟೆ. ನಮ್ಮ ಮುಂದಿದ್ದ ಚರ್ಚನ್ನು ಆ ರಂಗದ ಮೇಲೆ ಮೊದಲ ಬಾರಿ ಕಟ್ಟಿದ್ದು 1958ರಲ್ಲಿ. ಮಾರ್ಗರೆಟೆ ವಾಲ್‌ಮನ್ ಎಂಬ ನಿರ್ದೇಶಕಿಯ ಪ್ರಯೋಗ, ನಿಕೋಲಾ ಬೆನ್ವಾನ ರಂಗಸಜ್ಜಿಕೆ. ಮೊದಲ ರಾತ್ರಿ ವಾದ್ಯವೃಂದ ನಡೆಸಿದವನು ಹರ್ಬರ್ಟ್ ವಾನ್ ಕರಾಯನ್, ತೋಸ್ಕಾ ಆದವಳು ರೆನಾಟಾ ತೆಬಾಲ್ಡಿ. ಅಂದಿನಿಂದ ಆರುನೂರಕ್ಕೂ ಹೆಚ್ಚು ಬಾರಿ ಅದೇ ಪ್ರಯೋಗ ಆಗಿದೆ. ಗಾಯಕರು ಬದಲಾದರು, ಕಂಬಗಳು ಬದಲಾಗಲಿಲ್ಲ. ಮಗಳನ್ನು ಕರೆತಂದ ತಾಯಿಗೆ ಎಡಗಡೆಯ ಬಾಗಿಲಿನಿಂದ ಯಾರು ಬರುತ್ತಾರೆ ಎಂದು ಮೊದಲೇ ಗೊತ್ತು. ಹೊಸತನ ಸಾಲದು ಎನ್ನುವವರು ಅಲ್ಲಿಯೂ ಇದ್ದಾರೆ. ಗುಬ್ಬಿ ಕಂಪನಿಯ ನಾಟಕವೊಂದನ್ನು ಮೂರು ತಲೆಮಾರು ಅದೇ ಪರದೆಯ ಮುಂದೆ ನೋಡಿದ ಮನೆತನದವನಾದ ನನಗೆ ಆ ದೂರು ಒಪ್ಪಿಗೆಯಾಗಲಿಲ್ಲ.

ಗಂಬಿಯ ಮೇಲೆ ಪ್ರತಿಯೊಬ್ಬರ ಮುಂದೂ ಒಂದು ಪುಟ್ಟ ಪರದೆ. ಗುಂಡಿ ಒತ್ತಿದರೆ ಹಾಡಿನ ಅರ್ಥ ಬೇಕಾದ ಭಾಷೆಯಲ್ಲಿ ಸಾಲು ಸಾಲಾಗಿ ಬರುತ್ತದೆ. ಹತ್ತು ನಿಮಿಷ ಓದಿದೆ, ಆಮೇಲೆ ಆರಿಸಿಬಿಟ್ಟೆ. ಪಕ್ಕದ ಅಜ್ಜಿ ಮೊದಲೇ ಆರಿಸಿದ್ದರು.

ಮೊದಲ ಅಂಕದ ಕೊನೆಯಲ್ಲಿ ನನಗೆ ಬೇಕಾದ ಉತ್ತರ ಸಿಕ್ಕಿತು. ನೆಪೋಲಿಯನ್ ಸೋತನೆಂಬ ಸುಳ್ಳು ಸುದ್ದಿ ಬಂದಿದೆ, ಚರ್ಚಿನಲ್ಲಿ ಕೃತಜ್ಞತೆಯ ಪ್ರಾರ್ಥನೆ. ಗಂಟೆಗಳು ಬಾರಿಸುತ್ತವೆ, ಆರ್ಗನ್ ಮೊಳಗುತ್ತದೆ, ದೂರದಲ್ಲಿ ತೋಪು, ರಂಗದ ತುಂಬ ಮೇಳದವರು, ರಂಗದ ಮುಂದಿನ ಹಳ್ಳದಲ್ಲಿ ಇಡೀ ವಾದ್ಯವೃಂದ ಏರುತ್ತ ಏರುತ್ತ ಹೋಗುತ್ತದೆ. ಇಷ್ಟೆಲ್ಲದರ ಮುಂದೆ ಒಬ್ಬಂಟಿ ನಿಂತು ಸ್ಕಾರ್ಪಿಯಾ ತನ್ನ ಹೊಲಸು ಆಸೆಯನ್ನು ಹಾಡಿಕೊಳ್ಳುತ್ತಾನೆ. ಆ ಗಾಯಕ ಕಿರುಚುತ್ತಿರಲಿಲ್ಲ. ಮುಖದಲ್ಲಿ ಒತ್ತಡವಿರಲಿಲ್ಲ. ದನಿ ಮಾತ್ರ ಆ ಸದ್ದಿನ ಗೋಡೆಯನ್ನು ಎಲ್ಲಿಯೋ ತೂರಿಕೊಂಡು ನನ್ನ ಎದೆಯ ಮುಂದೆಯೇ ಬಂದು ನಿಂತಿತು. ಒಂದೊಂದು ಅಕ್ಷರವೂ ಬಿಡಿಬಿಡಿ. ಅಜ್ಜ ಹೇಳಿದ್ದು ಹಿಗ್ಗಲ್ಲ ಎಂದು ಆಗ ಗೊತ್ತಾಯಿತು. ಗಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಇದು ಹೇಗಾಗುತ್ತದೆ? ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ ಹಾಡುವ ಕಂಠವನ್ನು ದಶಕಗಳ ಕಾಲ ಅಳೆದು ನೋಡಿದವರು. ವಾದ್ಯವೃಂದದ ಸದ್ದನ್ನು ಒಡೆದು ನೋಡಿದರೆ ಅದರ ಬಲವೆಲ್ಲ ಸುಮಾರು 500 ಹರ್ಟ್ಸ್ ಆಸುಪಾಸಿನ ಕಂಪನಗಳಲ್ಲಿ ಇರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ಬಲ ಇಳಿಯುತ್ತದೆ. ನಾವು ಮಾತಾಡುವ ದನಿಯ ಬಲವೂ ಬಹುಪಾಲು ಅದೇ ಇಳಿಜಾರು ಹಿಡಿಯುತ್ತದೆ, ಆದ್ದರಿಂದ ಮಾತು ವಾದ್ಯದಡಿ ಮುಚ್ಚಿಹೋಗುತ್ತದೆ. ಪಳಗಿದ ಒಪೆರಾ ಗಾಯಕ ಗಂಟಲಗೂಡನ್ನು ಕೆಳಗಿಳಿಸಿ, ಅದರ ಮೇಲಿನ ಕಿರಿದಾದ ನಾಳವನ್ನೇ ಒಂದು ಪುಟ್ಟ ಅನುರಣನ ಕೋಣೆ ಮಾಡಿಕೊಳ್ಳುತ್ತಾನೆ. ಆಗ ದನಿಯ ಮೇಲ್ಸ್ತರದ ಅನುರಣನಗಳು ಸುಮಾರು 3,000 ಹರ್ಟ್ಸ್ ಹತ್ತಿರ ಒಂದುಗೂಡಿ ದಪ್ಪನೆಯ ಗಡ್ಡೆಯಾಗುತ್ತವೆ. ವಾದ್ಯಗಳು ಅಲ್ಲಿ ಬಡವಾಗಿವೆ. ಮನುಷ್ಯನ ಕಿವಿಯೋ, ಅದೇ ಎತ್ತರದ ಕಂಪನಗಳಿಗೆ ಅತಿ ಸೂಕ್ಷ್ಮ. ಸಂತೆಯ ಗದ್ದಲದ ನಡುವೆ ಬಳೆಗಾರನ ಗಾಜಿನ ಬಳೆಯ ಕಿಣಿಕಿಣಿ ಬೇರೆಯಾಗಿ ಕೇಳುವುದಿಲ್ಲವೇ, ಹಾಗೆ. ದನಿ ದೊಡ್ಡದಾಗಿ ಗೆಲ್ಲುವುದಲ್ಲ, ತೆರಪಿರುವ ಕಡೆ ನುಗ್ಗಿ ಗೆಲ್ಲುವುದು. ಹೆಣ್ಣುದನಿ ತೀರ ಮೇಲಿನ ಸ್ವರಕ್ಕೆ ಹೋದಾಗ ಉಪಾಯ ಬೇರೆ. ಬಾಯಿಯ ತೆರಪನ್ನು ಹಿಗ್ಗಿಸಿ ಅನುರಣನವನ್ನು ಆ ಸ್ವರದ ಎತ್ತರಕ್ಕೇ ತಂದು ಕೂರಿಸುತ್ತಾರೆ. ಅದಕ್ಕೇ ತಾರಸ್ಥಾಯಿಯಲ್ಲಿ ಅವರ ಬಾಯಿ ಅಷ್ಟು ಅಗಲವಾಗುವುದು, ಅಲ್ಲಿ ಅಕ್ಷರ ಕೊಂಚ ಮಸುಕಾಗುವುದು.

ಇದರ ಅರ್ಧ ಪುಣ್ಯ ಮನೆಯದು. ಲಾಳದಾಕಾರದ ಸಭಾಂಗಣ, ಸುತ್ತ ಬಾಕ್ಸು, ಮೇಲೆ ಬಾಲ್ಕನಿ, ಗ್ಯಾಲರಿ. ಯಾವ ಕಿವಿಯೂ ರಂಗದಿಂದ ಬಹಳ ದೂರ ಇರುವುದಿಲ್ಲ. ಇದೇ ಊರಿನ ಮ್ಯೂಸಿಕ್‌ಫೆರೈನ್ ಸಭಾಭವನದಲ್ಲಿ ಒಂದು ಸದ್ದು ಹುಟ್ಟಿ ಪೂರ್ತಿ ಅಡಗಲು ಸುಮಾರು ಎರಡು ಸೆಕೆಂಡು ಬೇಕು. ಸಿಂಫನಿಗೆ ಆ ಉಳಿಕೆಯೇ ಜೇನು. ಒಪೆರಾ ಮನೆಯಲ್ಲಿ ಅದು 1.3 ಸೆಕೆಂಡಿನಷ್ಟು. ಹಿಂದಿನ ಅಕ್ಷರ ಅಡಗದಿದ್ದರೆ ಮುಂದಿನದು ಕಲಸಿಹೋಗುತ್ತದಲ್ಲ. ಮಾತು ತಿಳಿಯಬೇಕು, ಹಾಡು ಒಣಗಬಾರದು. ಈ ಎರಡರ ನಡುವೆ ಕಟ್ಟಡವನ್ನೇ ಶ್ರುತಿ ಮಾಡಿಟ್ಟಿದ್ದಾರೆ. ವಾದ್ಯದವರು ರಂಗದ ಮುಂದಿನ ಹಳ್ಳದಲ್ಲಿ ಕೂರುವುದರಿಂದ ಅವರ ಸದ್ದೂ ಒಂದಿಷ್ಟು ಅಂಚಿಗೆ ತಾಗಿ ಮೃದುವಾಗಿ ಮೇಲೆ ಬರುತ್ತದೆ. ಅಂದ ಹಾಗೆ, ಹೊಸ ವರ್ಷದ ಬೆಳಗ್ಗೆ ಜಗತ್ತೇ ಟಿವಿಯಲ್ಲಿ ನೋಡುವ ವಿಯೆನ್ನಾ ಫಿಲ್‌ಹಾರ್ಮೋನಿಕ್ ವೃಂದ ಬೇರೆಯಲ್ಲ, ರಾತ್ರಿ ರಾತ್ರಿ ಈ ಹಳ್ಳದಲ್ಲಿ ಕೂತು ಗಾಯಕರ ಉಸಿರು ಕಾಯುವವರೇ. ಒಪೆರಾದಲ್ಲಿ ಕೆಲವು ವರ್ಷ ದುಡಿಯದೆ ಆ ವೃಂದಕ್ಕೆ ಸೇರಿಸಿಕೊಳ್ಳುವುದಿಲ್ಲ.

ವಿರಾಮದಲ್ಲಿ ಅಜ್ಜಿ ನನ್ನನ್ನು ದೊಡ್ಡ ಮೆಟ್ಟಿಲಿನ ಕಡೆಗೆ ಕರೆದುಕೊಂಡು ಹೋದರು. ನಿವೃತ್ತ ಶಾಲಾ ಶಿಕ್ಷಕಿ, ಇಂಗ್ಲಿಷು ನಿಧಾನವಾಗಿ ಆಡುತ್ತಿದ್ದರು. "ಇಲ್ಲಿ ನಿಂತು ಹಿಂದೆ ತಿರುಗಿ ನೋಡಿ," ಎಂದರು. ಮುಂದೆ ಅಮೃತಶಿಲೆ, ಹೊನ್ನಿನ ಬಣ್ಣ, ಚಿತ್ತಾರದ ಛಾವಣಿ. ನಾವು ಬಂದ ಕಡೆ, ಸಭಾಂಗಣದೊಳಗೆ, ಸರಳವಾದ ಬಿಳಿ, ಕೆಂಪು, ಹೆಚ್ಚು ಕುಸುರಿಯಿಲ್ಲದ ಅಂಚುಗಳು. ಒಂದೇ ಕಟ್ಟಡದಲ್ಲಿ ಎರಡು ಕಾಲ. ನಡುವೆ ಬಾಂಬು ಬಿದ್ದಿದೆ.

1938ರಲ್ಲಿ ಹಿಟ್ಲರನ ಪಡೆ ವಿಯೆನ್ನಾಕ್ಕೆ ಬಂದ ಮೇಲೆ ಈ ಮನೆಯ ಯಹೂದಿ ಕಲಾವಿದರನ್ನು ಹೊರಹಾಕಿದರು. ಕೆಲವರು ದೇಶ ಬಿಟ್ಟರು, ಕೆಲವರನ್ನು ಕೊಂದರು. ಮಾಹ್ಲರನ ಸಂಗೀತವೇ ನಿಷೇಧವಾಯಿತು. 1944ರ ಜೂನ್ 30ರಂದು ಇಲ್ಲಿ ಕಡೆಯದಾಗಿ ಆಡಿದ್ದು ವಾಗ್ನರನ 'ಗ್ಯೋಟರ್‌ಡೆಮರುಂಗ್', ದೇವಲೋಕ ಬೆಂಕಿಯಲ್ಲಿ ಮುಳುಗುವ ಕಥೆ. 1945ರ ಮಾರ್ಚ್ 12ರಂದು ಮಿತ್ರಪಡೆಗಳ ಬಾಂಬು ಬಿದ್ದು ಸಭಾಂಗಣ, ರಂಗ ಎರಡೂ ಸುಟ್ಟು ಹೋದವು. ಸುಮಾರು 120 ಒಪೆರಾಗಳ ರಂಗಸಜ್ಜಿಕೆ, 1,50,000ದಷ್ಟು ವೇಷಭೂಷಣ ಬೂದಿಯಾದವು. ಉಳಿದದ್ದು ಮುಂಭಾಗ, ಈ ಮೆಟ್ಟಿಲು, ಮೇಲಿನ ಚಿತ್ತಾರದ ಮೊಗಸಾಲೆ, ಚಕ್ರವರ್ತಿಯ ಚಹಾ ಕೋಣೆ. ಊರಿನಲ್ಲಿ ತಿನ್ನಲು ಗತಿಯಿರಲಿಲ್ಲ, ನಾಲ್ಕು ದೇಶಗಳ ಸೈನ್ಯ ಬೀಡುಬಿಟ್ಟಿತ್ತು. ಹಾಗಿದ್ದೂ ಕೆಲವೇ ವಾರಗಳಲ್ಲಿ ಬೇರೆ ಥಿಯೇಟರುಗಳಲ್ಲಿ ಒಪೆರಾ ಮತ್ತೆ ಶುರುವಾಯಿತು, ಸುಟ್ಟ ಮನೆಯನ್ನು ಮೇಲೆತ್ತುವ ಕೆಲಸ ಹತ್ತು ವರ್ಷ ನಡೆಯಿತು. 1955ರಲ್ಲಿ ಆಸ್ಟ್ರಿಯಾ ಮತ್ತೆ ಸ್ವತಂತ್ರ ದೇಶವಾಯಿತು. ಅದೇ ವರ್ಷದ ನವೆಂಬರ್ 5ರಂದು ಬೀಥೋವನನ 'ಫಿಡೇಲಿಯೋ'ದಿಂದ ಬಾಗಿಲು ತೆರೆಯಿತು, ವೃಂದ ನಡೆಸಿದವನು ಕಾರ್ಲ್ ಬ್ಯೋಮ್. ನೆಲಮಾಳಿಗೆಯ ಸೆರೆಯಾಳುಗಳು ಬೆಳಕಿಗೆ ಬಂದು, ಕಣ್ಣು ಕಿರಿದು ಮಾಡಿಕೊಂಡು, ಮೆಲ್ಲನೆ ಹಾಡುವ ದೃಶ್ಯ ಅದರಲ್ಲಿದೆ.

"ನಮ್ಮಮ್ಮ ಅದನ್ನು ನೆರೆಮನೆಯ ರೇಡಿಯೋದಲ್ಲಿ ಕೇಳಿದಳು," ಎಂದರು ಅಜ್ಜಿ. "ಆ ಬೀದಿಯಲ್ಲಿ ಇದ್ದದ್ದು ಅದೊಂದೇ ರೇಡಿಯೋ. ಅಡುಗೆಮನೆಯಲ್ಲಿ ಹದಿನೆಂಟು ಜನ. ಯಾರೂ ಕೂತಿರಲಿಲ್ಲ, ಎಲ್ಲರೂ ನಿಂತೇ ಕೇಳಿದರಂತೆ. ಅದಕ್ಕೇ ನಾನೂ ಇವತ್ತಿಗೂ ಕೂರುವುದಿಲ್ಲ."

ಅನ್ನವಿಲ್ಲದ ಊರು ಹಾಡಿನ ಮನೆಗೆ ದುಡ್ಡು ಹಾಕಿದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ಆಗಲೂ ಕೇಳಿದ್ದರು. ಈಗಲೂ ಆ ಮನೆ ಟಿಕೆಟಿನ ಹಣದಿಂದಷ್ಟೇ ನಡೆಯುವುದಿಲ್ಲ, ಸರ್ಕಾರ ಪ್ರತಿ ವರ್ಷ ಬೊಕ್ಕಸದಿಂದ ದೊಡ್ಡ ಮೊತ್ತ ಕೊಡುತ್ತದೆ. ವರ್ಷದಲ್ಲಿ ಮುನ್ನೂರರಷ್ಟು ಸಂಜೆ ಅಲ್ಲಿ ಆಟವಿದೆ. ನನ್ನ ಉತ್ತರ ಆ ಅಡುಗೆಮನೆಯಲ್ಲಿ ನಿಂತ ಹದಿನೆಂಟು ಜನ. ಅವರ ಹಣವೂ ಅದರಲ್ಲಿದೆ ಎಂಬ ಕಾರಣಕ್ಕೇ ಅಗ್ಗದ ಗಂಬಿ ಚಕ್ರವರ್ತಿಯ ಬಾಕ್ಸಿನ ಕೆಳಗೆ ಉಳಿದಿದೆ. ಕುರ್ಚಿ ಹಾಕಿದ್ದರೆ ಆ ಜಾಗಕ್ಕೆ ಎಷ್ಟು ಬೆಲೆ ಬರುತ್ತಿತ್ತು ಎಂದು ಲೆಕ್ಕ ಹಾಕಬಲ್ಲವರು ಅಲ್ಲಿಯೂ ಇದ್ದಾರೆ, ಕುರ್ಚಿ ಹಾಕಿಲ್ಲ.

ನಮ್ಮಲ್ಲಿ ಹೀಗೊಂದು ಮನೆ ಏಕಿಲ್ಲ ಎನ್ನುವ ಮಾತು ನನ್ನದಲ್ಲ. ಬೆಂಗಳೂರಿನವರಿಗೆ ಒಪೆರಾ ಹೌಸ್ ಎಂದರೆ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವ ಮೂಲೆಯ ಹಳೆಯ ಕಟ್ಟಡ. ಬ್ರಿಟಿಷರ ದಂಡಿನ ಕಾಲದ್ದು. ಈಗ ಅಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯ ಮಳಿಗೆ. ಮುಂಬೈಯ ಚರ್ನಿ ರೋಡಿನ ರಾಯಲ್ ಒಪೆರಾ ಹೌಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಚ್ಚಿದ್ದು 2016ರಲ್ಲಿ ಮತ್ತೆ ತೆರೆದದ್ದು ದೊಡ್ಡ ಸಮಾಧಾನ. ಅವು ಹೊರಗಿನಿಂದ ಬಂದ ಗಿಡಗಳು. ನಮ್ಮ ನೆಲದ್ದೇ ಬೇರೆ ಬಳ್ಳಿ ಇತ್ತು. ಹಾಡಿನಲ್ಲೇ ಕಥೆ ನಡೆಸುವ ವಿದ್ಯೆ ಯಕ್ಷಗಾನಕ್ಕೆ, ದೊಡ್ಡಾಟಕ್ಕೆ, ಶ್ರೀಕೃಷ್ಣ ಪಾರಿಜಾತಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಟಕ ಶಿರೋಮಣಿ ವರದಾಚಾರ್ಯರ ಹಾಡಿಗೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಪು.ತಿ.ನ. ಗೇಯನಾಟಕಗಳನ್ನೇ ಬರೆದರು, ಅವರ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಶಿವರಾಮ ಕಾರಂತರು ಗೀತನಾಟಕ ಬರೆದು ಆಡಿಸಿದರು. ನಾವು ಕಳೆದುಕೊಂಡದ್ದು ಹಾಡನ್ನಲ್ಲ, ಬರಿಯ ಕಂಠಕ್ಕೆ ಕಿವಿಗೊಡುವ ಅಭ್ಯಾಸವನ್ನು. ಮೈಕು ಬಂದದ್ದು ಒಳ್ಳೆಯದಕ್ಕೇ. ಬಯಲಿನಲ್ಲಿ ರಾತ್ರಿಯಿಡೀ ಏರು ಶ್ರುತಿಯಲ್ಲಿ ಹಾಡಿ ಗಂಟಲು ಒಡೆದುಕೊಂಡ ಭಾಗವತರಿಗೆ ಅದು ವರವೇ ಆಯಿತು. ಆದರೆ ಇನ್ನೂರು ಕುರ್ಚಿಯ ಸಭಾಂಗಣದಲ್ಲೂ, ಮೂವತ್ತು ಜನರ ಮನೆ ಕಛೇರಿಯಲ್ಲೂ ಅದನ್ನು ಬಿಡಲಾರದೆ ಕೂತಿದ್ದೇವೆ. ಒಂದು ಸಂಜೆ ತೆಗೆದಿಟ್ಟು ನೋಡಿ ಎಂದು ನನಗೆ ಗೊತ್ತಿರುವ ಪ್ರತಿಯೊಬ್ಬ ಗಾಯಕರನ್ನೂ ಕೇಳುತ್ತಿದ್ದೇನೆ. ಇಬ್ಬರು ಒಪ್ಪಿದ್ದಾರೆ.

ಎರಡನೆಯ ಅಂಕ ಸ್ಕಾರ್ಪಿಯಾನ ಕೋಣೆಯಲ್ಲಿ. ಒಳಗಿನ ಕೊಠಡಿಯಲ್ಲಿ ನಲ್ಲನಿಗೆ ಚಿತ್ರಹಿಂಸೆ, ಅವನ ಜೀವಕ್ಕೆ ಬೆಲೆಯಾಗಿ ತೋಸ್ಕಾಳ ಮೈ. ಆಗ ಅವಳು ಹಾಡುವ ಹಾಡು ಬಹಳ ಪ್ರಸಿದ್ಧ. ಯಾರನ್ನೂ ನೋಯಿಸದೆ, ಹಾಡಿಗೂ ಪ್ರೀತಿಗೂ ಬಾಳು ಕೊಟ್ಟವಳಿಗೆ ದೇವರೇ ಇದೇನು ಫಲ ಎಂದು ಕೇಳುತ್ತಾಳೆ. ಈ ಮನೆಯ ಹಿಂದಿನ ತಾರೆ ಮಾರಿಯಾ ಯೆರಿತ್ಸಾ ಇದನ್ನು ನೆಲದ ಮೇಲೆ ಬೋರಲು ಬಿದ್ದುಕೊಂಡು ಹಾಡಿದಳೆಂದೂ, ಅದು ತಾಲೀಮಿನಲ್ಲಿ ಅಕಸ್ಮಾತ್ ಆದದ್ದೆಂದೂ, ಪುಚ್ಚೀನಿಯೇ ನೋಡಿ ಹೀಗೆಯೇ ಇರಲಿ ಎಂದನೆಂದೂ ಕಥೆಯಿದೆ. ನಮ್ಮ ತೋಸ್ಕಾ ಮೊಣಕಾಲೂರಿದ್ದಳು. ಮೇಲಿನ ಸ್ವರದಿಂದ ಇಳಿಯುತ್ತ ದನಿಯನ್ನು ಎಳೆಯಾಗಿಸಿ, ನೂಲಾಗಿಸಿ, ಕೊನೆಗೆ ಉಸಿರಿಗಿಂತ ಸ್ವಲ್ಪ ಹೆಚ್ಚು ಎನ್ನುವಷ್ಟಕ್ಕೆ ತಂದಳು. ಜೋರು ದನಿ ತಲುಪುವುದು ದೊಡ್ಡದಲ್ಲ ಎಂದು ಆಗ ಅರಿವಾಯಿತು. ಈ ಪಿಸುಮಾತು ಗ್ಯಾಲರಿಯ ತುದಿಗೆ ಮುಟ್ಟಿತ್ತು. ಮೈಕಿನಲ್ಲಿ ಪಿಸುಮಾತು ಹತ್ತಿರ ಬಂದಂತೆ ಕೇಳುತ್ತದೆ. ಇಲ್ಲಿ ಅದು ದೂರದಲ್ಲಿಯೇ ಇತ್ತು, ನಾವು ಅದರ ಹತ್ತಿರ ಹೋಗಿದ್ದೆವು. ಪಕ್ಕದ ಅಜ್ಜಿ ಕಣ್ಣು ಮುಚ್ಚಿದ್ದರು. ಯಾರೋ ಕೆಮ್ಮನ್ನು ತಡೆದುಕೊಂಡದ್ದು ಎರಡು ಸಾಲು ಆಚೆಯಿಂದ ತಿಳಿಯಿತು.

ಮೂರನೆಯ ಅಂಕ ಕೋಟೆಯ ಮಾಳಿಗೆಯಲ್ಲಿ, ಬೆಳಗಿನ ಜಾವ. ಪುಚ್ಚೀನಿ ಈ ಬೆಳಗನ್ನು ಬರೆಯುವ ಮುನ್ನ ರೋಮಿನ ಆ ಕೋಟೆಯ ಮೇಲೆ ಹತ್ತಿ, ನಸುಕಿನಲ್ಲಿ ಸುತ್ತಲ ಚರ್ಚುಗಳ ಗಂಟೆ ಯಾವ ಕ್ರಮದಲ್ಲಿ, ಯಾವ ಸ್ವರದಲ್ಲಿ ಬಾರಿಸುತ್ತವೆ ಎಂದು ಕೇಳಿಸಿಕೊಂಡಿದ್ದ. ಸಂತ ಪೀಟರರ ದೊಡ್ಡ ಗಂಟೆಯ ಶ್ರುತಿಯನ್ನು ವಿಚಾರಿಸಿ ತಿಳಿದಿದ್ದ. ಕುರಿ ಕಾಯುವ ಹುಡುಗನೊಬ್ಬ ಕಾಣದೆ ಹಾಡಿಕೊಂಡು ಹೋಗುತ್ತಾನೆ, ಆಡುಮಾತಿನಲ್ಲಿ. ದೂರ, ಹತ್ತಿರ, ಮತ್ತೆ ದೂರ ಗಂಟೆಗಳು. ಅಷ್ಟರಲ್ಲಿ ಸುಳ್ಳು ಗುಂಡೆಂದು ಸ್ಕಾರ್ಪಿಯಾ ನಂಬಿಸಿದ್ದು ನಿಜವಾದ ಗುಂಡಾಗಿ ಕವರದೋಸ್ಸಿ ಬಿದ್ದ, ತೋಸ್ಕಾ ಕೋಟೆಯಿಂದ ಹಾರಿದಳು, ಪರದೆ ಇಳಿಯಿತು.

ಚಪ್ಪಾಳೆ ಮೊದಲು ಹುಟ್ಟಿದ್ದು ನಿಂತವರ ಸಾಲಿನಿಂದ. ಕೂತವರು ಏಳುವಷ್ಟರಲ್ಲಿ ನಮ್ಮವರ ಕೈ ಕೆಂಪಾಗಿದ್ದವು. ಗಾಯಕಿ ಪರದೆಯ ಮುಂದೆ ಬಂದು ಕುರ್ಚಿಗಳ ತಲೆಯ ಮೇಲಿನಿಂದ ನೇರ ನಮ್ಮ ಗಂಬಿಗಳ ಕಡೆಗೆ ತಲೆಬಾಗಿದಳು. ಅವಳು ಪ್ರತಿ ರಾತ್ರಿ ಹಾಗೆ ಮಾಡುತ್ತಾಳೆ ಎಂದು ಅಜ್ಜಿ ಹೇಳಿದರು. ನನ್ನ ಟವೆಲಿನ ಗಂಟನ್ನು ಬಿಚ್ಚಲು ಕಷ್ಟಪಡುತ್ತಿದ್ದೆ, ಅವರೇ ಬಿಗಿ ಮಾಡಿದ್ದರಲ್ಲ, ಅವರೇ ಬಿಚ್ಚಿ ಮಡಚಿ ಕೈಗಿತ್ತರು.

ಹೊರಗೆ ಚಳಿ. ಹತ್ತಿರದ ಸಾಸೇಜು ಅಂಗಡಿಯ ಮುಂದೆ ರೇಷ್ಮೆ ಉಡುಪಿನವರೂ ಕೂಲಿಯವರೂ ಒಂದೇ ಸರತಿಯಲ್ಲಿ ನಿಂತಿದ್ದರು. ನನಗೆ ಹಸಿವಿರಲಿಲ್ಲ. ಕಟ್ಟಡವನ್ನೊಂದು ಸುತ್ತು ಹಾಕೋಣವೆಂದು ಹಿಂಬದಿಗೆ ಹೋದೆ. ಇಲ್ಲಿ ಇಂದಿನ ಆಟ ನಾಳೆ ಇರುವುದಿಲ್ಲ. ವರ್ಷಕ್ಕೆ ಐವತ್ತರ ಮೇಲೆ ಒಪೆರಾಗಳು, ದಿನ ದಿನ ಬೇರೆ ಬೇರೆ, ಸಾಮಾನೆಲ್ಲ ಊರಿನ ಬೇರೆಡೆಯ ಆರ್ಸೆನಾಲ್ ಉಗ್ರಾಣದಿಂದ ಬಂದು ಹೋಗಬೇಕು. ದೊಡ್ಡ ಬಾಗಿಲು ತೆರೆದಿತ್ತು. ಒಂದು ಲಾರಿ ಹಿಮ್ಮುಖವಾಗಿ ಬಂದು ನಿಂತಿತ್ತು. ನಾಲ್ವರು ಆಳುಗಳು, ಬಾಯಲ್ಲಿ ಹೊಗೆಯಂಥ ಉಸಿರು, ಕೋಟೆಯ ಗೋಡೆಯೊಂದನ್ನು ಅಡ್ಡ ಮಲಗಿಸಿ ಒಳಗೆ ತಳ್ಳುತ್ತಿದ್ದರು. ಕಲ್ಲೆಂದು ನಾನು ನಂಬಿದ್ದ ಆ ಗೋಡೆ ಬಟ್ಟೆ ಮತ್ತು ಮರದ ಚೌಕಟ್ಟು. ಹಿಂಬದಿಯಲ್ಲಿ ಸುಣ್ಣದಂಥ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು, ಮೂಲೆಯಲ್ಲಿ ಹಳೆಯ ತೇಪೆಗಳಿದ್ದವು. ಅವರಲ್ಲಿ ಹಿರಿಯವನೊಬ್ಬ ಹಗ್ಗ ಬಿಗಿಯುತ್ತ, ಕುರಿಕಾಯುವ ಹುಡುಗನ ಹಾಡನ್ನು ಮೂಗಿನಲ್ಲಿ ಗುನುಗುತ್ತಿದ್ದ. ನಿರ್ಜನವಾಗಿದ್ದ ಆ ಬೀದಿಯಲ್ಲಿ ಅದು ಚೆನ್ನಾಗಿ ಕೇಳುತ್ತಿತ್ತು.